'ಹೋಗ್ತೀನಿ' ಎಂಬ ಮಾತಿನ ರಿವಿಷನ್ ಕುರಿತು

ಇಂದ,
ಚಾಮರಾಜ ಬಿನ್ ಲೇಟ್ ಪುಟ್ಟಮಾದಯ್ಯ,
ಡಾಕ್ಯುಮೆಂಟ್ ಕಂಟ್ರೋಲರ್ (ಎ.ಸಿ. ರಿಪೇರಿ ಕಂಪನಿ),
ಮೂರನೇ ಮಹಡಿ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಬೀದಿ, ಅಬುಧಾಬಿ.

ಗೆ,
ಕಾಲಂ ಹದಿನಾಲ್ಕರ ಉಸ್ತುವಾರಿ ಅಧಿಕಾರಿಗಳು
(ಅಂಥ ಹುದ್ದೆ ಇಲ್ಲದಿದ್ದಲ್ಲಿ, ಕಾಲಂ ಹದಿನಾಲ್ಕನ್ನು ಮೊಟ್ಟಮೊದಲು ಬರೆದ ಮಹನೀಯರು),
ಮಕ್ಕಳ ಶ್ರವಣ ಮತ್ತು ಮಾತಿನ ನೆರವು ಯೋಜನೆ, ಅಬುಧಾಬಿ.

ವಿಷಯ: ಅರ್ಜಿದಾರನ ತಾಯಿ ಅಂಬುಜಮ್ಮನವರು ತಮ್ಮ ಕೌಂಟರಿನಲ್ಲಿ ಹೇಳಿ, ಕಡತದಲ್ಲಿ ದಾಖಲಾಗಿರುವ 'ಹೋಗ್ತೀನಿ' ಎಂಬ ಮಾತನ್ನು ರದ್ದುಪಡಿಸಿ ಆ ಜಾಗದಲ್ಲಿ 'ಬರ್ತೀನಿ' ಎಂದು ತಿದ್ದಿಕೊಡುವ ಬಗ್ಗೆ, ಮತ್ತು ಅಲ್ಲಿಯವರೆಗೆ ಮಗುವಿನ ಸೀಟನ್ನು ಕಾಯ್ದಿರಿಸುವ ಬಗ್ಗೆ.

ಉಲ್ಲೇಖ:
1. ಅರ್ಜಿದಾರನ ಮಗಳು ಪ್ರಾರ್ಥನಾಳ ಅರ್ಜಿ, ಕಾಲಂ 1 ರಿಂದ 22.
2. ತಮ್ಮ ಕಚೇರಿಯ ಪತ್ರ: 'ಹಿರಿಯ ಮಹಿಳೆಗೆ ಹೋಗುವ ಉದ್ದೇಶವಿರುವುದು ಕಂಡುಬಂದಿಲ್ಲ.'
3. ತಮ್ಮ ಕಚೇರಿಯ ಇನ್ನೊಂದು ಪತ್ರ: 'ಹಿರಿಯ ಮಹಿಳೆ ಹೋಗಿರುವುದು ಕಂಡುಬಂದಿದೆ.'
4. ಊರಿನಿಂದ ಅಂಬುಜಮ್ಮನವರ ಫೋನ್ ಕರೆ.

ಮಾನ್ಯರೇ,

ಸಂಜೆ ಕಾಲೇಜಿನಲ್ಲಿ ಅರ್ಜಿ ಬರೆಯುವ ಕ್ರಮ ಕಲಿಸಿದ ಕನ್ನಡ ಮೇಷ್ಟ್ರು, ಅರ್ಜಿಯಲ್ಲಿ 'ನಾನು' ಎಂದು ಬರೆಯಕೂಡದು, 'ಅರ್ಜಿದಾರ' ಎಂದೇ ಬರೆಯಬೇಕು ಎನ್ನುತ್ತಿದ್ದರು. "ನಾನು ಅನ್ನೋನು ಮಧ್ಯದಲ್ಲಿ ಅತ್ತುಬಿಡ್ತಾನೆ ಕಣ್ರಯ್ಯ. ಅರ್ಜಿದಾರ ಅಳಲ್ಲ" ಎಂಬುದು ಅವರ ಮಾತು. ಆದ್ದರಿಂದ ಈ ಅರ್ಜಿಯಲ್ಲಿ ಉದ್ದಕ್ಕೂ ಅರ್ಜಿದಾರನೇ ಇರುತ್ತಾನೆ. ವಿಷಯ ಒಂದು ಸಾಲು ಮೀರಬಾರದು ಎಂದೂ ಅವರು ಹೇಳಿದ್ದರು. ಮೇಲಿನ ವಿಷಯ ಮೀರಿದೆ. ಮೊದಲಿಗೇ ಕ್ಷಮೆ ಕೋರಲಾಗಿದೆ.

ಅರ್ಜಿದಾರ ಏನನ್ನಾದರೂ ಮೊದಲು ಕನ್ನಡದಲ್ಲಿ ಬರೆದು, ತಪ್ಪಿಲ್ಲವೆಂದು ಮೂರು ಸಲ ಓದಿ, ಬಳಿಕ ಬೀದಿಯ ಕೊನೆಯಲ್ಲಿರುವ ಟೈಪಿಂಗ್ ಸೆಂಟರಿನ ಅಲಿಯಬ್ಬ ಅವರಿಗೆ ಕೊಡುತ್ತಾನೆ. ಅವರು ಅದನ್ನು ಅರಬ್ಬಿಗೆ ತಿರುಗಿಸಿ ಟೈಪು ಮಾಡುತ್ತಾರೆ. ಈ ಸಲ ಅವರು, 'ಹೋಗ್ತೀನಿ'ಗೂ 'ಬರ್ತೀನಿ'ಗೂ ಇರುವ ಈ ವ್ಯವಹಾರವನ್ನು ಅರಬ್ಬಿಯಲ್ಲಿ ಹೇಳುವುದು ತಮ್ಮಿಂದಾಗದು ಎಂದು ಕೈಚೆಲ್ಲಿದ್ದರಿಂದ ಕನ್ನಡದಲ್ಲೇ ಸಲ್ಲಿಸಲಾಗಿದೆ. ವಿವರಗಳು ಈ ಕೆಳಗಿನಂತಿವೆ.

1. ಅರ್ಜಿದಾರನ ಗುರುತು. ಮೈಸೂರು ಕಡೆಯ ಕಾಗದಪತ್ರಗಳಲ್ಲಿ ತಂದೆ ತೀರಿಕೊಂಡವರ ಹೆಸರನ್ನು 'ಬಿನ್ ಲೇಟ್' ಇಂಥವರು ಎಂದು ಬರೆಯುವುದು ವಾಡಿಕೆ. ಅರ್ಜಿದಾರನೂ ಹಾಗೆಯೇ ಬರೆದ. 'ಬಿನ್' ಇಲ್ಲಿಯವರಿಗೆ ಕೂಡಲೇ ಅರ್ಥವಾಯಿತು. 'ಲೇಟ್' ಎಂಬುದನ್ನು ಕಂಪ್ಯೂಟರು ಮನೆತನದ ಹೆಸರೆಂದು ಸ್ವೀಕರಿಸಿತು. ಹೀಗಾಗಿ ತಮ್ಮ ಕೌಂಟರಿನಲ್ಲಿ ಅರ್ಜಿದಾರನನ್ನು 'ಮಿಸ್ಟರ್ ಲೇಟ್' ಎಂದು ಕೂಗಲಾಗುತ್ತಿದೆ. ನಿಗದಿತ ವೇಳೆಗಿಂತ ಒಂದು ಗಂಟೆ ಮೊದಲೇ ಬಂದು ಕೂತಿದ್ದರೂ ಅರ್ಜಿದಾರ ಇದಕ್ಕೆ ಓಗೊಡುತ್ತಾನೆ. ಇದರ ಬಗ್ಗೆ ದೂರಿಲ್ಲ.

2. ಕುಟುಂಬ. ಅರ್ಜಿದಾರ, ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ಸ್ಪಂದನಾ, ನಾಲ್ಕು ವರ್ಷದ ಮಗಳು ಪ್ರಾರ್ಥನಾ. ಮೂವರಿಗೂ ನಿವಾಸ ವೀಸಾ ಇದೆ. ಮಗುವಿಗೆ ಹುಟ್ಟಿನಿಂದ ಕಿವಿ ಕೇಳದು. ತಮ್ಮ ಯೋಜನೆಯವರು ಪರೀಕ್ಷಿಸಿ ಕಿವಿಯ ಮೆಷಿನನ್ನು ತಾತ್ಕಾಲಿಕವಾಗಿ ಕೊಟ್ಟರು. ಒಂದು ವರ್ಷದ ಮಾತಿನ ತರಬೇತಿಗೆ ಸೀಟು ಸಿಕ್ಕರೆ ಮೆಷಿನು ಮಗುವಿನದಾಗುತ್ತದೆ, ಸಿಗದಿದ್ದರೆ ಬಿಚ್ಚಿ ವಾಪಸು ಕೊಡಬೇಕು. ಮೆಷಿನು ಹಾಕಿದ ದಿನ ಮಗು ಪ್ರೆಷರ್ ಕುಕ್ಕರಿನ ಸೀಟಿ ಕೇಳಿ ಅಡುಗೆಮನೆಯಿಂದ ಓಡಿ ಬಂದು ಅಂಬುಜಮ್ಮನವರ ಸೆರಗಿನಲ್ಲಿ ಅಡಗಿತು. ಮನೆಯವರೆಲ್ಲ ಆ ಸಂಜೆ ಮೂರು ಸಲ ಬರಿಯ ನೀರಿಟ್ಟು ಕುಕ್ಕರು ಕೂಗಿಸಿದರು. ಈ ಅಂಶ ಅರ್ಜಿಗೆ ಸಂಬಂಧಿಸಿದ್ದೋ ಅಲ್ಲವೋ ತಿಳಿಯದೆ ಅರ್ಜಿದಾರ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾನೆ.

3. ಕಾಲಂ ಒಂಬತ್ತು ಹೀಗೆ ಕೇಳುತ್ತದೆ: 'ಹಗಲು ಮನೆಯಲ್ಲಿದ್ದು ಮಗುವಿನೊಂದಿಗೆ ಒಂದೇ ಭಾಷೆಯಲ್ಲಿ ಸತತವಾಗಿ ಮಾತನಾಡುವ ವಯಸ್ಕರು ಯಾರು?' ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಆದಕಾರಣ ಅರ್ಜಿದಾರ 'ಅಂಬುಜಮ್ಮ, ಅಜ್ಜಿ' ಎಂದು ಬರೆದ. ಇದು ನಿಜ. ಮಗುವಿನ ಅಂಗೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು, "ಹಾ...ಲು. ಹೂ...ವು. ನೋಡು ಪುಟ್ಟಿ, ಇಲ್ಲಿ ಗುಂಯ್ ಅಂತದಲ್ಲ, ಅದೇ ಮಾತು" ಎಂದು ಅಂಬುಜಮ್ಮನವರು ದಿನವಿಡೀ ಹೇಳುತ್ತಿದ್ದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ತಮ್ಮ ತರಬೇತಿದಾರರು ನೋಡಿ ಇದೇ ಸರಿಯಾದ ವಿಧಾನ ಎಂದರು.

4. ಕಾಲಂ ಹದಿನಾಲ್ಕು ಹೀಗೆ ಕೇಳುತ್ತದೆ: 'ನಿವಾಸ ಪರವಾನಗಿ ಇಲ್ಲದ ಯಾರಾದರೂ ಮನೆಯಲ್ಲಿ ವಾಸವಾಗಿದ್ದಾರೆಯೇ? ಇದ್ದಲ್ಲಿ ಅವರ ಸ್ಥಿತಿ ಏನು?' ಅಂಬುಜಮ್ಮನವರು ಬಂದದ್ದು ವಿಸಿಟ್ ವೀಸಾದಲ್ಲಿ. ತಾಯಿಯನ್ನು ಖಾಯಂ ಕರೆಸಿಕೊಳ್ಳುವ ದರ್ಜೆಗೆ ಅರ್ಜಿದಾರನ ಸಂಬಳ ಏರಿಲ್ಲ. ಅಂದರೆ ಸೀಟು ಸಿಗಬೇಕಾದರೆ ಕಾಲಂ ಒಂಬತ್ತರಲ್ಲಿ ಅಂಬುಜಮ್ಮ ಇರಲೇಬೇಕು, ಕಾಲಂ ಹದಿನಾಲ್ಕರಲ್ಲಿ ಇರಲೇಬಾರದು. ಎರಡು ಕಾಲಂಗಳ ನಡುವೆ ಅರ್ಧ ಪುಟ ಅಂತರವಿದೆ. ಅಷ್ಟರಲ್ಲಿ ಅವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಸೂಚನೆಗಳಿಲ್ಲ.

'ಸ್ಥಿತಿ' ಎಂಬುದರ ಅರ್ಥ ತಿಳಿಯದೆ ಅರ್ಜಿದಾರ ತಾಯಿಯನ್ನೇ ಕೇಳಿದ.

"ಎಡಗಡೆ ಮಂಡಿ ಒಂದು ಬಿಟ್ರೆ ಚೆನ್ನಾಗೇ ಇದೀನಿ ಅಂತ ಬರಿ ಮಗ" ಎಂದರು ಅಂಬುಜಮ್ಮ. "ಶುಗರ್ ಇಲ್ಲ ಅಂತ್ಲೂ ಬರಿ. ತಿಳ್ಕೊಳ್ಳಲಿ."

ಅರ್ಜಿದಾರ ಇದನ್ನು ಪೆನ್ಸಿಲಿನಲ್ಲಿ ಬರೆದು ಆಮೇಲೆ ಅಳಿಸಿದ.

5. ಅಲಿಯಬ್ಬನವರ ಸಲಹೆ. ಮಂಗಳೂರು ಕಡೆಯ ಇವರು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಊರವರ ಅರ್ಜಿಗಳನ್ನು ಟೈಪು ಮಾಡುತ್ತಿದ್ದಾರೆ. ಅವರು ಕಾಲಂ ಹದಿನಾಲ್ಕರ ಪಕ್ಕದ ಸಣ್ಣ ನಕ್ಷತ್ರವನ್ನೂ, ಪುಟದ ಅಡಿಯಲ್ಲಿದ್ದ ಅದರ ಟಿಪ್ಪಣಿಯನ್ನೂ ಬೆರಳಿಟ್ಟು ತೋರಿಸಿದರು: 'ನೆರವು ಕೋರದ ವ್ಯಕ್ತಿಗಳ ಬಗ್ಗೆ ಉತ್ತರಿಸುವುದು ಐಚ್ಛಿಕ.'

"ಚಾಮರಾಜಣ್ಣ, ಅರ್ಜಿ ಮಗುದ್ದು. ಅವರಿಗೆ ಬೇಕಾದ್ದು ಮಗುವಿನ ವೀಸಾ. ಅಜ್ಜಿ ಎಂತಕ್ಕೆ ಮಧ್ಯದಲ್ಲಿ? ಖಾಲಿ ಬಿಡಿ, ಖಲಾಸ್."

"ಆದ್ರೆ ಅಮ್ಮ ಮನೇಲಿ ಇದಾರಲ್ಲ ಅಲಿಯಬ್ಬನೋರೆ."

"ನೆಂಟರು ಇರೂದು ಅಂದ್ರೆ ವಾಸ ಅಲ್ಲ ಮಾರಾಯ್ರೆ. ನಮ್ಮ ಮಾವ ನಾಲ್ಕು ತಿಂಗಳು ಕೂತಿದ್ರು, ಅದಕ್ಕೆ ನಾವು ವಾಸ ಅಂತ ಹೇಳ್ಲಿಲ್ಲ. ಬೇರೆ ಎಂತದೋ ಹೇಳಿದ್ವಿ."

ಸಂಜೆ ಕಾಲೇಜಿನಲ್ಲಿ ಐಚ್ಛಿಕ ಪ್ರಶ್ನೆ ಬಿಟ್ಟವರಾರೂ ಪಾಸಾದುದನ್ನು ಅರ್ಜಿದಾರ ಕಂಡಿಲ್ಲ. ಆದ್ದರಿಂದ ಅವನು ಕಾಲಂ ಹದಿನಾಲ್ಕಕ್ಕೆ ಉತ್ತರಿಸಿದ್ದಲ್ಲದೆ, ಜಾಗ ಸಾಲದೆ ಎರಡು ಪುಟದ ಅನುಬಂಧವನ್ನೂ, ತಾಯಿಯ ಮರುಪ್ರಯಾಣದ ಟಿಕೆಟಿನ ಪ್ರತಿಯನ್ನೂ ಲಗತ್ತಿಸಿದ. ಅಲಿಯಬ್ಬನವರು ಟೈಪು ಮಾಡುತ್ತ ಮಾಡುತ್ತ ನಿಲ್ಲಿಸಿ, "ನೀವು ಅರ್ಜಿ ಹಾಕೂದಾ, ತಪ್ಪೊಪ್ಪಿಗೆ ಬರೆಯೂದಾ?" ಎಂದು ಕೇಳಿದರು. ಮುಂದೆ ಆದದ್ದೆಲ್ಲ ಈ ಅನುಬಂಧದಿಂದ ಆದದ್ದು. ಇದರಲ್ಲಿ ತಮ್ಮ ಕಚೇರಿಯ ತಪ್ಪಿಲ್ಲ.

6. ಮನೆ ಪರಿಶೀಲನೆ. ಅನುಬಂಧ ಓದಿದ ತಮ್ಮ ಸಿಬ್ಬಂದಿ ಶಾಹಿನ ಮೇಡಂ ಅವರು ನಾಲ್ಕನೇ ತಾರೀಕು ಮನೆಗೆ ಬಂದರು. ಅವರದು ಹಿಂದಿ, ಅಂಬುಜಮ್ಮನವರದು ಕನ್ನಡ. ಹೇಳಿಕೆ ಪಡೆಯುವಾಗ ಮನೆಯವರು ತರ್ಜುಮೆ ಮಾಡುವಂತಿಲ್ಲ ಎಂಬ ನಿಯಮವಿರುವ ಕಾರಣ ಅರ್ಜಿದಾರನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಗಾಜಿನ ಬಾಗಿಲು ಹಾಕಲಾಯಿತು. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವಾದ್ದರಿಂದ ಎಲ್ಲವೂ ಕೇಳಿಸಿತು. ಮೇಡಂ ಅವರು ತಮ್ಮ ಫೋನಿಗೆ ಹೇಳಿದರು, ಫೋನು ಕನ್ನಡದಲ್ಲಿ ಅಂಬುಜಮ್ಮನವರಿಗೆ ಹೇಳಿತು: 'ನೀವು ಹದಿನೆಂಟನೇ ದಿನಾಂಕದಂದು ಹೋಗುವಿರಾ?'

"ಹೂಂ ಕಣಮ್ಮ, ಬರ್ತೀನಿ" ಎಂದರು ಅಂಬುಜಮ್ಮ.

ಫೋನು ಮೇಡಂ ಅವರಿಗೆ ಹೇಳಿತು: 'ಹೌದು, ನಾನು ಬರುತ್ತೇನೆ.'

ಮೇಡಂ ಹುಬ್ಬು ಗಂಟಿಕ್ಕಿ ಮತ್ತೆ ಕೇಳಿದರು. ನೀವು ಇಲ್ಲಿಂದ ಹೋಗುವಿರೋ ಇಲ್ಲವೋ?

"ಬರ್ತೀನಿ ಅಂದ್ನಲ್ಲ ತಾಯಿ. ಟಿಕೆಟ್ಟೇ ಆಗದೆ. ಖಂಡಿತ ಬರ್ತೀನಿ."

ಮೂರನೆಯ ಸಲವೂ ಕೇಳಿದರು. ಮೂರನೆಯ ಸಲವೂ ಅಂಬುಜಮ್ಮನವರು, ಈ ಹುಡುಗಿಗೆ ಕಿವಿ ಸ್ವಲ್ಪ ಮಂದವಿರಬೇಕು, ಇಂಥ ಕಚೇರಿಗೆ ಅದಕ್ಕೇ ಸೇರಿಸಿಕೊಂಡಿದ್ದಾರೆ ಎಂದುಕೊಂಡು, ಅವರ ಕೈಯನ್ನೂ ತೆಗೆದು ತಮ್ಮ ಗಂಟಲ ಮೇಲಿಟ್ಟು, "ಬ...ರ್ತೀ...ನಿ" ಎಂದು ಬಿಡಿಸಿ ಹೇಳಿದರು.

ಮೇಡಂ ಬರೆದುಕೊಂಡದ್ದು: 'ಅಜ್ಜಿ ಹೋಗುವುದಿಲ್ಲ. ಮೂರು ಬಾರಿ ದೃಢಪಡಿಸಿದ್ದಾರೆ. ಮೂರನೆಯ ಬಾರಿ ಮೈಮುಟ್ಟಿ.'

7. ಇಲ್ಲಿ ಒಂದು ವಿವರಣೆ ಅಗತ್ಯ. ಅರ್ಜಿದಾರನ ಕಡೆ ಮನೆಯಿಂದ ಹೊರಡುವವರು 'ಹೋಗ್ತೀನಿ' ಎನ್ನುವುದಿಲ್ಲ. ಸಂತೆಗೆ ಹೊರಟವರೂ 'ಬರ್ತೀನಿ' ಎನ್ನುತ್ತಾರೆ, ಸಾಲ ಕೇಳಿ ಸಿಗದೆ ಹೊರಟವರೂ 'ಬರ್ತೀನಿ' ಎನ್ನುತ್ತಾರೆ, ಜಗಳವಾಡಿ ಇನ್ನು ಈ ಹೊಸ್ತಿಲು ತುಳಿಯೆನೆಂದು ಎದ್ದವರೂ ಬಾಯಿತಪ್ಪಿ 'ಬರ್ತೀನಿ' ಎಂದೇ ಹೊರಡುತ್ತಾರೆ. 'ಹೋಗ್ತೀನಿ' ಎಂಬುದು ತಿರುಗಿ ಬಾರದವರ ಮಾತು. ಇದು ವಲಸೆ ನಿಯಮಗಳನ್ನು ತಪ್ಪಿಸಲು ಮಾಡಿಕೊಂಡ ಏರ್ಪಾಡಲ್ಲ. ಪಾಸ್‌ಪೋರ್ಟಿಗಿಂತ ಹಳೆಯದು.

8. ಉಲ್ಲೇಖ 2ರ ಪತ್ರ ಆರನೇ ತಾರೀಕು ಬಂತು. ಏಳು ದಿನದೊಳಗೆ ಹಿರಿಯ ಮಹಿಳೆ ಕೌಂಟರಿಗೆ ಬಂದು, ತಾವು ದೇಶ ಬಿಟ್ಟು ಹೋಗುವುದಾಗಿ ಸ್ಪಷ್ಟ ಮಾತಿನಲ್ಲಿ ಹೇಳತಕ್ಕದ್ದು, ತಪ್ಪಿದಲ್ಲಿ ಕಡತ ಮುಕ್ತಾಯ. ಸ್ಪಂದನಾ ಪತ್ರವನ್ನು ಟೀವಿಯ ಮೇಲಿಟ್ಟು ಅತ್ತೆಯ ಮುಂದೆ ಕೂತಳು.

"ಅತ್ತೆ, ಒಂದೇ ಒಂದು ಸಲ ಹೋಗ್ತೀನಿ ಅಂದ್ಬಿಡಿ. ನಮಗಲ್ಲ, ಆ ಫೋನಿಗೆ."

"ಮಗು ಇರೋ ಮನೇಲಿ ಆಡೋ ಮಾತೇನಮ್ಮ ಅದು?"

"ಮನೇಲಿ ಬೇಡ, ಆಫೀಸಲ್ಲಿ ಹೇಳಿ."

"ಎಲ್ಲಿ ಹೇಳಿದ್ರೂ ಹೇಳಿದ್ದೇ." ಅಂಬುಜಮ್ಮ ಮಗನ ಕಡೆ ತಿರುಗಿದರು. "ನಿಮ್ಮಪ್ಪ ಆವತ್ತು ಬಸ್ ಡ್ಯೂಟಿಗೆ ಹೊರಟಾಗ ಅವಸರದಲ್ಲಿ 'ಹೋಗ್ತೀನಿ ಕಣೇ' ಅಂದ್ರು. ಬಾಯಿ ತೊಳ್ಕೊಂಡು ಬರ್ತೀನಿ ಅನ್ನಿ ಅಂತ ಕೂಗ್ದೆ. ಕೇಳಿಸ್ಲಿಲ್ಲ ಅವರಿಗೆ. ಹೋದ್ರು."

'ಲೇಟ್' ಎಂಬ ಪದ ಅರ್ಜಿದಾರನ ಹೆಸರಿಗೆ ಸೇರಿದ್ದು ಹಾಗೆ.

9. ಕೌಂಟರಿನಲ್ಲಿ ನಡೆದದ್ದು. ಹನ್ನೊಂದನೇ ತಾರೀಕು ಅಂಬುಜಮ್ಮನವರು ತಾವಾಗಿಯೇ ಸೀರೆ ಉಟ್ಟು, ಮಗುವನ್ನು ಎತ್ತಿಕೊಂಡು, "ನಡಿ ಮಗ, ಅದೇನು ಹೇಳ್ಬೇಕೋ ಹೇಳ್ಬಿಡ್ತೀನಿ" ಎಂದರು. 'ಮಿಸ್ಟರ್ ಲೇಟ್' ಎಂದು ಕೂಗಿದಾಗ ಮೂವರೂ ಎದ್ದರು. ಶಾಹಿನ ಮೇಡಂ ಫೋನನ್ನು ಮುಂದಿಟ್ಟರು. ಮಗು ಅಜ್ಜಿಯ ಮಡಿಲಲ್ಲಿ, ಅಭ್ಯಾಸದಂತೆ ಅಂಗೈಯನ್ನು ಅವರ ಗಂಟಲಿಗೆ ಒತ್ತಿ, ಅವರ ತುಟಿಯನ್ನೇ ನೋಡುತ್ತ ಕೂತಿತ್ತು. ಅಂಬುಜಮ್ಮನವರು ಕಣ್ಣು ಮುಚ್ಚಿಕೊಂಡರು.

"ಹೋಗ್ತೀನಿ" ಎಂದರು. "ಹೋಗ್ತೀನಿ ಕಣಮ್ಮ. ಬರ್ಕೋ."

ಫೋನು ಸರಿಯಾಗಿ ತರ್ಜುಮೆ ಮಾಡಿತು. ಅದರ ಹಿಂದೆಯೇ ಇನ್ನೊಂದು ಧ್ವನಿ ಕೇಳಿಸಿತು: "ಓ...ತೀ...ನಿ."

ಅದು ಪ್ರಾರ್ಥನಾ. ಹುಟ್ಟಿದ ಲಾಗಾಯ್ತು ಅವಳು ಆಡಿದ ಮೊದಲ ಮಾತು. ಶಾಹಿನ ಮೇಡಂ ಒಳ್ಳೆಯವರು. ಅವರ ಕಣ್ಣು ತುಂಬಿದವು. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಕ್ಕದ ಕೌಂಟರಿನವರೂ ತಟ್ಟಿದರು. ಪ್ರಗತಿ ಪತ್ರದಲ್ಲಿ 'ಮೊದಲ ಪದ' ಎಂಬಲ್ಲಿ ಆ ಪದವನ್ನೇ ಬರೆದು, ಸೀಟು ಮಂಜೂರೆಂದು ಮೊಹರು ಒತ್ತಿದರು. ಅರ್ಜಿದಾರನ ಕಡೆಯವರು ಚಪ್ಪಾಳೆ ತಟ್ಟಲಿಲ್ಲ. ಇದನ್ನು ಕೃತಘ್ನತೆ ಎಂದು ಭಾವಿಸಬಾರದು.

10. ಅಲ್ಲಿಂದ ಮುಂದೆ ಮಗು ಎಲ್ಲರಿಗೂ ಅದನ್ನೇ ಹೇಳತೊಡಗಿತು. ವಾಚ್‌ಮನ್ನಿಗೆ, ಲಿಫ್ಟಿಗೆ, ಟೀವಿಗೆ, ಕೆಲಸಕ್ಕೆ ಹೊರಟ ತಾಯಿಗೆ. "ಓತೀನಿ." ಅಂಬುಜಮ್ಮನವರು ಪ್ರತಿ ಸಲವೂ ಅದರ ಬಾಯಿಗೆ ಸೆರಗು ಒತ್ತಿ, "ಅಲ್ಲ ಪುಟ್ಟಿ, ಬರ್ತೀನಿ, ಬರ್ತೀನಿ" ಎನ್ನುತ್ತಿದ್ದರು. ತಿದ್ದಲು ಉಳಿದಿದ್ದುದು ಒಂದೇ ವಾರ. ಹದಿನೆಂಟನೇ ತಾರೀಕು ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು 'ಹೋಗ್ತೀನಿ' ಎನ್ನಲಿಲ್ಲ, 'ಬರ್ತೀನಿ' ಎಂದೂ ಎನ್ನಲಿಲ್ಲ. ಒಂದನ್ನು ಆಡಿ ಆಗಿತ್ತು, ಇನ್ನೊಂದನ್ನು ಆಡಲು ಬಾಯಿ ಬರಲಿಲ್ಲ. ಬರಿದೆ ಮಂಡಿ ಹಿಡಿದುಕೊಂಡು ನಡೆದುಹೋದರು.

11. ಇಪ್ಪತ್ತೆರಡನೇ ತಾರೀಕು ಉಲ್ಲೇಖ 3ರ ಪತ್ರ ಬಂತು. ಹಿರಿಯ ಮಹಿಳೆ ದೇಶ ಬಿಟ್ಟಿರುವುದರಿಂದ ಕಾಲಂ ಹದಿನಾಲ್ಕು ತೃಪ್ತಿಕರವಾಗಿದೆ. ಆದರೆ ಅದೇ ಕಾರಣದಿಂದ ಕಾಲಂ ಒಂಬತ್ತು ಖಾಲಿಯಾಗಿದೆ. ಹಗಲು ಮಗುವಿನೊಂದಿಗೆ ಮಾತನಾಡುವವರನ್ನು ಮೂವತ್ತು ದಿನದೊಳಗೆ ತೋರಿಸದಿದ್ದಲ್ಲಿ ಸೀಟು ರದ್ದು, ಮೆಷಿನು ವಾಪಸು. ಅಲಿಯಬ್ಬನವರು ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟು, "ಇದಕ್ಕೆ ನಕ್ಷತ್ರ ಸಹ ಇಲ್ಲ" ಎಂದರು. ಹೊಸ ವಿಸಿಟ್ ವೀಸಾಕ್ಕೆ ಕಾಗದ ತಯಾರು ಮಾಡಿಕೊಟ್ಟವರೂ ಅವರೇ. ಈ ಬಾರಿ ಅಜ್ಜಿ ನೆಂಟರೆಂದೇ ಇರತಕ್ಕದ್ದು, ಅನುಬಂಧ ಗಿನುಬಂಧ ಕಂಡರೆ ಹರಿದುಹಾಕುವುದಾಗಿ ಹೇಳಿದ್ದಾರೆ.

12. ಆದರೆ ಉಲ್ಲೇಖ 4. ವೀಸಾ ತಯಾರೆಂದು ತಿಳಿಸಲು ಅರ್ಜಿದಾರ ಊರಿಗೆ ಫೋನು ಮಾಡಿದಾಗ ಅಂಬುಜಮ್ಮನವರು ಹೀಗೆಂದರು:

"ಆ ಕಾಗದದಲ್ಲಿ ಹೋಗ್ತೀನಿ ಅಂತ ಇರೋ ತನಕ ನಾನು ಪ್ಲೇನು ಹತ್ತಲ್ಲ ಮಗ. ಹೋಗ್ತೀನಿ ಅಂದೋಳು ಅದೇ ಬಾಗಿಲಲ್ಲಿ ಹೆಂಗೆ ಒಳಕ್ಕೆ ಬರ್ಲಿ? ನಂಗೇನಾದ್ರೂ ಆಗ್ಲಿ, ಮಗು ಬಾಯಲ್ಲೂ ಅದೇ ಕೂತದಲ್ಲ. ನೀನು ಕಾಗದ ತಿದ್ದೋ ಕೆಲಸ ತಾನೆ ಮಾಡೋದು? ತಿದ್ಸು. ಬರ್ತೀನಿ."

13. ತಾಯಿ ಹೇಳಿದ್ದು ಸರಿ. ಅರ್ಜಿದಾರನ ಕಚೇರಿಯಲ್ಲಿ ಯಾವ ಕಾಗದಕ್ಕೂ ರಿವಿಷನ್ ಇದೆ. ಪೈಪು ಎಡಕ್ಕೆಂದು ಬರೆದು, ಗೋಡೆ ಒಡೆದ ಮೇಲೆ ಬಲಕ್ಕೆಂದು ಗೊತ್ತಾದರೆ, ಹಳೆಯ ಹಾಳೆಯ ಮೇಲೆ 'ರದ್ದಾಗಿದೆ' ಎಂಬ ಕೆಂಪು ಮೊಹರು ಒತ್ತಿ, ರಿವಿಷನ್ ಒಂದು ಎಂದು ಹೊಸ ಹಾಳೆ ಸೇರಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಅರ್ಜಿದಾರ ಇಂಥ ಸಾವಿರಾರು ಹಾಳೆ ಸೇರಿಸಿದ್ದಾನೆ. ಒಂದು ಎ.ಸಿ. ಪೈಪಿಗೆ ಸಿಗುವ ಸವಲತ್ತನ್ನು ಒಂದು ಮಾತಿಗೂ ವಿಸ್ತರಿಸಲು ಅವಕಾಶವಿದೆಯೇ ಎಂಬುದು ಅರ್ಜಿದಾರನಿಗೆ ತಿಳಿಯದು. ಇಲ್ಲವೆಂದು ಎಲ್ಲಿಯೂ ಬರೆದಿಲ್ಲ.

14. ಕಾಲಂ ಹದಿನಾಲ್ಕರ ಗೌರವಾರ್ಥ ಈ ಅಂಶವನ್ನು ಖಾಲಿ ಬಿಡಬೇಕೆಂದಿತ್ತು. ಬಿಡಲಾಗಲಿಲ್ಲ. ತಾಯಿ ಹೋದಂದಿನಿಂದ ಅರ್ಜಿದಾರ ಸಂಜೆ ಕೆಲಸ ಮುಗಿಸಿ ಬಂದು ಮಗುವಿನ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು 'ಬರ್ತೀನಿ' ಎಂದು ಹೇಳಿಕೊಡುತ್ತಿದ್ದಾನೆ. ಆ ಪದದ ಹತ್ತಿರ ಬಂದಾಗ ಅವನ ಗಂಟಲು ಬೇರೆ ರೀತಿಯಲ್ಲಿ ಅದುರುವುದರಿಂದ ಮಗುವಿಗೆ ಅಕ್ಷರ ಸರಿಯಾಗಿ ಸಿಗುತ್ತಿಲ್ಲ. ಮೇಷ್ಟ್ರ ನಿಯಮ ಅರ್ಜಿಗೆ ಮಾತ್ರವೋ, ಮನೆಗೂ ಅನ್ವಯವೋ, ಕೇಳೋಣವೆಂದರೆ ಅವರ ಹೆಸರಿನ ಮುಂದೆಯೂ ಈಗ 'ಲೇಟ್' ಇದೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು:

(ಅ) ಕಡತದಲ್ಲಿರುವ ಅಂಬುಜಮ್ಮನವರ 'ಹೋಗ್ತೀನಿ' ಎಂಬ ಮಾತಿನ ಮೇಲೆ 'ರದ್ದಾಗಿದೆ' ಮೊಹರು ಒತ್ತಿ, ರಿವಿಷನ್ ಒಂದು: 'ಬರ್ತೀನಿ' ಎಂದು ದಾಖಲಿಸಿ, ಮೊಹರು ಕಾಣುವಂತೆ ಫೋಟೋ ತೆಗೆಯಲು ಅನುಮತಿ ನೀಡಬೇಕು. ಅದನ್ನು ತಾಯಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿದೆ.

(ಆ) ಫೋಟೋ ತಲುಪಿ, ಅವರು ಪ್ಲೇನು ಹತ್ತಿ, ಕಾಲಂ ಒಂಬತ್ತಕ್ಕೆ ಬಂದು ಕೂರುವವರೆಗೆ ಮಗುವಿನ ಕಿವಿಯಿಂದ ಮೆಷಿನು ಬಿಚ್ಚಿಸಬಾರದು.

(ಇ) ಪ್ರಗತಿ ಪತ್ರದ 'ಮೊದಲ ಪದ' ಎಂಬ ಜಾಗವನ್ನು ಅಡಕ 4ರಂತೆ ತಿದ್ದಬೇಕು.

(ಈ) ಇವು ಯಾವುವೂ ಸಾಧ್ಯವಾಗದಿದ್ದಲ್ಲಿ, ಕಾಲಂ ಹದಿನಾಲ್ಕರ ಮುಂದಿನ ಮುದ್ರಣದಲ್ಲಿ ಆ ನಕ್ಷತ್ರವನ್ನು ಸ್ವಲ್ಪ ದೊಡ್ಡದಾಗಿ ಹಾಕಿಸಬೇಕು. ಅರ್ಜಿದಾರನಂಥವರು ಇನ್ನೂ ಇರಬಹುದು.

ತಮ್ಮ ನಂಬಿಕೆಗೆ ಅರ್ಹನಾಗಲು ಯತ್ನಿಸುತ್ತಿರುವ,
ಚಾಮರಾಜ
(ತಮ್ಮ ದಾಖಲೆಯಂತೆ: ಮಿಸ್ಟರ್ ಲೇಟ್)

ಅಡಕಗಳು:
1. ಅಂಬುಜಮ್ಮನವರ ಹೊಸ ವಿಸಿಟ್ ವೀಸಾ ಪ್ರತಿ. ದಿನಾಂಕ ಖಾಲಿ ಬಿಟ್ಟ ಟಿಕೆಟ್ ಬುಕಿಂಗ್.
2. ಅರ್ಜಿದಾರನ ಕಚೇರಿಯ 'ರದ್ದಾಗಿದೆ' ಮೊಹರಿನ ಮಾದರಿ. ತಮ್ಮಲ್ಲಿ ಅಂಥದಿಲ್ಲದಿದ್ದರೆ ಒಂದು ದಿನದ ಮಟ್ಟಿಗೆ ತಂದುಕೊಡಲಾಗುವುದು.
3. ಅನುಬಂಧ: ಇಲ್ಲ. (ಅಲಿಯಬ್ಬನವರು ಹರಿದುಹಾಕಿದ್ದಾರೆ.)
4. ಧ್ವನಿಮುದ್ರಣ, ನಾಲ್ಕು ಸೆಕೆಂಡು. ಇಂದು ಬೆಳಿಗ್ಗೆ ಅರ್ಜಿದಾರ ಕೆಲಸಕ್ಕೆ ಹೊರಟು ನಿಂತಾಗ ಪ್ರಾರ್ಥನಾ ಬಾಗಿಲಲ್ಲಿ, ತನ್ನ ಅಂಗೈಯನ್ನು ತನ್ನದೇ ಗಂಟಲಿಗೆ ಇಟ್ಟುಕೊಂಡು ಹೇಳಿದ್ದು: "ಬತ್ತೀನಿ." ಹೊರಟವನು ಆಡಬೇಕಾದ ಮಾತನ್ನು ಉಳಿದವಳು ಆಡಿರುವ ದೋಷವನ್ನು ಮನ್ನಿಸಬೇಕು. ಇದನ್ನು ಫೋನಿನಲ್ಲಿ ತರ್ಜುಮೆ ಮಾಡಿಸಬಾರದಾಗಿ ವಿನಂತಿ.